ಮನೆ ಎಳೆದುಕೊಂಡು ಯೆಲ್ಲೋಸ್ಟೋನ್‌ಗೆ

ಅಮೆರಿಕದ ಶಾಲೆಗಳಿಗೆ ಬೇಸಿಗೆ ರಜೆ ಬಿತ್ತೆಂದರೆ ಹೆದ್ದಾರಿಗಳಲ್ಲಿ ಪುಟ್ಟ ಪುಟ್ಟ ಮನೆಗಳು ಓಡಾಡತೊಡಗುತ್ತವೆ. ಕಾರಿನ ಹಿಂದೆ ಕಟ್ಟಿ ಎಳೆಯುವ ಟ್ರಾವೆಲ್ ಟ್ರೇಲರ್‌ನೊಳಗೆ ಮಂಚ, ಗ್ಯಾಸ್ ಒಲೆ, ಫ್ರಿಜ್, ಬಚ್ಚಲು ಎಲ್ಲ ಇರುತ್ತವೆ. ಡೆನ್ವರ್‌ನಿಂದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ನಾವೂ ಹೀಗೇ ಹೋಗಿಬಂದೆವು. ಮಕ್ಕಳಿಬ್ಬರ ಜೊತೆ, ಊರಿನಿಂದ ಬಂದಿದ್ದ ಅತ್ತೆ, ಮಾವ.

1. ಮೊದಲು ಜಾಗ, ಆಮೇಲೆ ಟ್ರೇಲರ್

ಬಾಡಿಗೆ ಟ್ರೇಲರ್ ಯಾವಾಗಲಾದರೂ ಸಿಕ್ಕೀತು, ನಿಲ್ಲಿಸಲು ಜಾಗ ಸಿಗದು. ತಿಂಗಳುಗಳ ಮೊದಲೇ ಕಾದಿರಿಸಿ. ಯೆಲ್ಲೋಸ್ಟೋನ್ ಒಳಗೆ ನೀರು, ಕರೆಂಟು, ಒಳಚರಂಡಿ ಮೂರೂ ಸಂಪರ್ಕ ಕೊಡುವುದು ಫಿಶಿಂಗ್ ಬ್ರಿಜ್ ಎಂಬ ಬಿಡಾರ ಒಂದೇ. ಕರಡಿಗಳು ಓಡಾಡುವ ಜಾಗವಾದ್ದರಿಂದ ಅಲ್ಲಿ ಬಟ್ಟೆಯ ಡೇರೆಗೆ ಅವಕಾಶವಿಲ್ಲ, ಗಟ್ಟಿ ಗೋಡೆಯೇ ಬೇಕು. ಅದು ತಪ್ಪಿದರೆ ದಕ್ಷಿಣಕ್ಕಿರುವ ಗ್ರ್ಯಾಂಡ್ ಟೀಟನ್ ಉದ್ಯಾನದ ಕೋಲ್ಟರ್ ಬೇ ಬಿಡಾರ ನೋಡಿ.

2. ತೂಕದ ಲೆಕ್ಕ

ಹೆಚ್ಚಿನವರು ಎಡವುವುದು ಇಲ್ಲಿ. 'ಈ ಕಾರು 5,000 ಪೌಂಡ್ ಎಳೆಯುತ್ತದೆ' ಎಂದು ಬರೆದಿರುವುದನ್ನು ನೋಡಿ ಅಷ್ಟಕ್ಕೇ ನಿಲ್ಲುತ್ತಾರೆ. ಡ್ರೈವರ್ ಬಾಗಿಲು ತೆರೆದರೆ ಒಂದು ಚೀಟಿ ಅಂಟಿಸಿರುತ್ತದೆ. ಜನ, ಸಾಮಾನು ಸೇರಿ ಕಾರು ಎಷ್ಟು ಹೊರಬಹುದೆಂದು ಅದರಲ್ಲಿದೆ. ಟ್ರೇಲರ್‌ನ ಮೂತಿ ಕಾರಿನ ಹಿಂಬದಿಯ ಮೇಲೆ ಊರುವ ಭಾರವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಆ ಭಾರ ಟ್ರೇಲರ್‌ನ ಒಟ್ಟು ತೂಕದ ಶೇ 10ರಿಂದ 15ರಷ್ಟಿರಬೇಕು. ಕಡಿಮೆಯಾದರೆ ಟ್ರೇಲರ್ ಹಾವಿನಂತೆ ಹೊಯ್ದಾಡುತ್ತದೆ.

ನಮ್ಮ ಚೀಟಿಯಲ್ಲಿದ್ದದ್ದು 1,500 ಪೌಂಡ್. ಆರು ಜನರದು 820, ಮೂತಿಯ ಭಾರ 550. ಉಳಿದದ್ದು 130, ಅಂದರೆ 60 ಕಿಲೋ ಕೂಡ ಇಲ್ಲ. ಅಕ್ಕಿ ಮೂಟೆ ಹಿಡಿದು ನಿಂತಿದ್ದ ಅತ್ತೆಗೆ ಇದನ್ನು ವಿವರಿಸುವಷ್ಟರಲ್ಲಿ ಸಾಕುಸಾಕಾಯಿತು. ನೀರಿನ ಟ್ಯಾಂಕನ್ನೂ ಮನೆಯಲ್ಲೇ ತುಂಬಿಸಬೇಡಿ. 40 ಗ್ಯಾಲನ್ ಎಂದರೆ 150 ಕಿಲೋ. ಎಲ್ಲ ತುಂಬಿದ ಮೇಲೆ ಟ್ರಕ್‌ಗಳು ನಿಲ್ಲುವಲ್ಲಿನ ತೂಕದ ಕಟ್ಟೆಗೆ ಹತ್ತಿಸಿ ನೋಡಿ. ಅಂದಾಜು ನಂಬಬೇಡಿ.

3. ಕಟ್ಟುವುದು

ಟ್ರೇಲರ್‌ನ ಮೂತಿ ಕಾರಿನ ಹಿಂಬದಿಯ ಲೋಹದ ಗುಂಡಿನ ಮೇಲೆ ಕೂತ ಮೇಲೆ ಚಿಲಕ ಹಾಕಿ. ಕಾರಿಗೆ ಸಿಕ್ಕಿಸುವ ಸುರಕ್ಷತಾ ಸರಪಳಿಗಳನ್ನು ಮೂತಿಯ ಕೆಳಗೆ ಅಡ್ಡಡ್ಡ ಹಾಯಿಸಿ, ಕತ್ತರಿಯಂತೆ. ಮೂತಿ ಕಳಚಿದರೂ ನೆಲಕ್ಕೆ ಬಡಿಯದೆ ಆ ಸರಪಳಿಗಳ ಮೇಲೆ ಕೂರಬೇಕು. ಟ್ರೇಲರ್ ಬೇರ್ಪಟ್ಟರೆ ತಾನಾಗಿ ಬ್ರೇಕ್ ಹಿಡಿಸುವ ತಂತಿ, ದೀಪದ ಪ್ಲಗ್ಗು ಮರೆಯಬೇಡಿ. ಟಯರಿನ ಮೇಲಿನ ನಾಲ್ಕಂಕಿ ಓದಿ: 2319 ಎಂದರೆ 2019ರ 23ನೇ ವಾರದ ತಯಾರಿ. ಹಳೆಯದಾದರೆ ಬಾಡಿಗೆಯವರ ಹತ್ತಿರ ಜಗಳವಾಡಿಯಾದರೂ ಬದಲಿಸಿಕೊಳ್ಳಿ. ಚಕ್ರ ಬಿಚ್ಚಿ ಹಾಕಿದ್ದರೆ 50 ಮೈಲಿಯ ನಂತರ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ.

4. ದಾರಿ

ಲಾರಮಿ ಊರು ದಾಟಿ ಐ-80 ಹೆದ್ದಾರಿ ಹಿಡಿದರೆ ವಯೋಮಿಂಗ್ ರಾಜ್ಯದ ಗಾಳಿ. ಹಗುರ, ಎತ್ತರದ ಗಾಡಿಗಳಿಗೆ ರಸ್ತೆಯನ್ನೇ ಮುಚ್ಚುವುದುಂಟು. ಹೊರಡುವ ಬೆಳಿಗ್ಗೆ ರಸ್ತೆ ಸ್ಥಿತಿ ನೋಡಿಕೊಳ್ಳಿ. ವೇಗ ಗಂಟೆಗೆ 65 ಮೈಲಿ ಮೀರದಿರಲಿ, ಎಷ್ಟೋ ಟ್ರೇಲರ್ ಟಯರುಗಳ ಮಿತಿಯೇ ಅಷ್ಟು. ಡುಬಾಯ್ಸ್ ಊರು ಆದ ಮೇಲೆ 9,600 ಅಡಿ ಮೀರಿದ ಟೊಗೊಟೀ ಕಣಿವೆ ದಾರಿ ಬರುತ್ತದೆ. ಇಳಿಯುವಾಗ ಗೇರ್ ಇಳಿಸಿ, ಬ್ರೇಕ್ ಒತ್ತಿಹಿಡಿದೇ ಇಳಿಯಬೇಡಿ. ಅಂದಹಾಗೆ, ಓಡುವ ಟ್ರೇಲರ್‌ನೊಳಗೆ ಯಾರೂ ಕೂರಬಾರದು. ಮಾವನವರ ಮಧ್ಯಾಹ್ನದ ನಿದ್ದೆಯ ಆಸೆಗೆ ಅಲ್ಲೇ ಕಲ್ಲು ಬಿತ್ತು.

5. ಹಿಂದಕ್ಕೆ ತೆಗೆಯುವುದು

"ಬಲಕ್ಕೆ ರೀ, ಬಲಕ್ಕೆ!" ಹಿಂದೆ ನಿಂತು ಕೈಬೀಸುತ್ತಿದ್ದೆ.

"ಯಾರ ಬಲ ಮಾರಾಯ್ತಿ? ನಿಂದೋ, ನಂದೋ?"

ಪಕ್ಕದ ಟ್ರೇಲರಿನವರು ಕುರ್ಚಿ ಹೊರಗೆ ಹಾಕಿಕೊಂಡು ನೋಡುತ್ತಿದ್ದರು. ಎಡ-ಬಲ ಬಿಟ್ಟುಬಿಡಿ. 'ಡ್ರೈವರ್ ಕಡೆ', 'ಆಚೆ ಕಡೆ' ಎನ್ನಿ. ಇನ್ನೊಂದು ಗುಟ್ಟು: ಸ್ಟೀರಿಂಗ್‌ನ ಕೆಳತುದಿ ಹಿಡಿಯಿರಿ. ಕೈ ಯಾವ ಕಡೆಗೋ ಟ್ರೇಲರ್ ಹಿಂಬದಿಯೂ ಆ ಕಡೆಗೆ. ನಿಂತ ಮೇಲೆ ಚಕ್ರಕ್ಕೆ ಅಡೆ ಕೊಟ್ಟೇ ಕಾರಿನಿಂದ ಬಿಚ್ಚಿ. ಹೊರಡುವ ದಿನ ಮೊದಲು ಶೌಚದ ಟ್ಯಾಂಕ್ ಖಾಲಿ ಮಾಡಿ, ಆಮೇಲೆ ಬಚ್ಚಲ ನೀರಿನದು. ಕೊಳವೆ ತಾನೇ ತೊಳೆದುಹೋಗುತ್ತದೆ.

6. ಇನ್ನು ಟ್ರೇಲರ್ ಮುಟ್ಟಬೇಡಿ

ಅದು ಮನೆ. ಮನೆ ಹೊತ್ತು ಊರು ನೋಡುವವರು ಯಾರು? ಅಲ್ಲೇ ಬಿಟ್ಟು ಬರೀ ಕಾರಲ್ಲಿ ಸುತ್ತಿ. ಓಲ್ಡ್ ಫೇತ್‌ಫುಲ್ ಬಿಸಿನೀರ ಬುಗ್ಗೆ ಸರಾಸರಿ ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ. ಹೇಡನ್ ಕಣಿವೆಗೆ ಬೆಳಗಿನ ಜಾವವೇ ಹೋಗಿ, ಮಂಜಿನೊಳಗಿಂದ ಬೈಸನ್ ಎಂಬ ಅಮೆರಿಕದ ಕಾಡೆಮ್ಮೆಗಳು ಒಂದೊಂದಾಗಿ ಎದ್ದುಬರುತ್ತವೆ. ಅವಕ್ಕೂ ನಿಮಗೂ 25 ಗಜ ಅಂತರವಿರಲಿ, ಕರಡಿಗಾದರೆ 100.

ಕುಕ್ಕರ್ ಮಾತ್ರ ಬಿಡಬೇಡಿ. ಅಲ್ಲಿನ 7,700 ಅಡಿ ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಿಸುತ್ತ ಕೂತರೆ ಊಟದ ಹೊತ್ತು ಮೀರುತ್ತದೆ. ಒಗ್ಗರಣೆ ಒಳಗೆ ಹಾಕಿದಿರೋ, ಹೊಗೆಯ ಅಲಾರಂ ಕೂಗಿ ಇಡೀ ಬಿಡಾರ ಎಬ್ಬಿಸುತ್ತದೆ. ಹೊರಗೆ ಹಾಕಿದರೆ ಸೌಟು, ಬಾಣಲೆ, ಬಿದ್ದ ಸಾಸಿವೆ ಸಮೇತ ಎಲ್ಲ ತಕ್ಷಣ ಒಳಗೆ. ಕರಡಿಗೆ ಇಂಗಿನ ವಾಸನೆ ಹಿಡಿಸುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಹೋಗಬೇಡಿ.