14 ಗುಳಿ, 56 ಕಾಳು: ಕಾರವಾರದ ಮರಳಲ್ಲಿ ಮಕ್ಕಳ ಸಿನಿಮಾ

ಕಾರವಾರದ ಕೊಂಕಣಿ ಹುಡುಗ, ಮುಂಡಗೋಡದ ಟಿಬೆಟನ್ ಕ್ಯಾಂಪಿನ ಹುಡುಗಿ, ಅವರ ಗೆಳೆತನದ ಮೇಲೆ ನಾವು ತೆಗೆದ ಹನ್ನೆರಡು ನಿಮಿಷದ ಕಿರುಚಿತ್ರ. ಇಬ್ಬರಿಗೂ ಕನ್ನಡ ಮನೆಮಾತಲ್ಲ. ಅವರ ತಡವರಿಕೆಯನ್ನು ಡಬ್ಬಿಂಗಿನಲ್ಲಿ ತಿದ್ದಲು ಹೋಗಲಿಲ್ಲ.

ಕ್ಯಾಂಪು ಶುರುವಾದದ್ದು 1966ರಲ್ಲಿ. ಗಡಿ ದಾಟಿ ಬಂದವರು ಅಜ್ಜ-ಅಜ್ಜಿಯರು, ಈಗಿನ ಮಕ್ಕಳು ಹುಟ್ಟಿದ್ದೇ ಇಲ್ಲಿ. ಹಾಗಾಗಿ ಹಿಮದ ಫ್ಲ್ಯಾಶ್‌ಬ್ಯಾಕ್ ಇಲ್ಲ, ಅಜ್ಜಿಯ ಟ್ರಂಕಿನಲ್ಲಿರುವ ಆರ್‌ಸಿ, ಅಂದರೆ ವಿದೇಶಿಯರ ನೋಂದಣಿ ಪತ್ರ, ಒಂದೇ ಸಾಕಾಯಿತು. ಅಸಲಿ ಪತ್ರ ಬಳಸಬೇಡಿ. ನಕಲು ಮಾಡಿಸಿ, ಹೆಸರು-ನಂಬರು ಓದಲು ಬಾರದಷ್ಟು ದೂರದಿಂದ ತೆಗೆಯಿರಿ. ಕರುಣೆ ಉಕ್ಕಿಸುವ ಹಿನ್ನೆಲೆ ಸಂಗೀತವನ್ನಂತೂ ಮುಟ್ಟಲೇ ಬೇಡಿ.

ಗೆಳೆತನವನ್ನು ಮಾತಿಗಿಂತ ಚೆನ್ನೆಮಣೆ ಆಟ ಚೆನ್ನಾಗಿ ಹೇಳುತ್ತದೆ. ಮಣೆ ಬದಲು ಮರಳಲ್ಲೇ ಎರಡು ಸಾಲು, ಸಾಲಿಗೆ 7 ಗುಳಿ, ಗುಳಿಗೆ 4 ಕಾಳು. ಒಣ ಮರಳಾದರೆ ಗುಳಿ ಕುಸಿಯುತ್ತದೆ, ಹಸಿ ಮರಳಲ್ಲೇ ತೋಡಬೇಕು. ಬಿಳಿ ಚಿಪ್ಪು ಮರಳ ಹೊಳಪಲ್ಲಿ ಕಾಣಲಿಲ್ಲ. ಕೆಂಪು ಮಂಜೊಟ್ಟಿ ಬೀಜ ಎದ್ದು ಕಂಡಿತು. 56 ಸಾಲದು, 80 ಒಯ್ಯಿರಿ, ಮರಳು ನುಂಗುತ್ತದೆ.

ಎಡವಿದ್ದು ನೀರಿನಲ್ಲಿ. ಭರ್ತಿ, ಅಂದರೆ ಕಡಲಿನ ಉಬ್ಬರ, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಇಂದು ನಾಲ್ಕಕ್ಕೆ ಇದ್ದ ನೀರಿನ ಗೆರೆ ನಾಳೆ ನಾಲ್ಕು ಐವತ್ತಕ್ಕೆ ಸಿಗುತ್ತದೆ, ಅಷ್ಟರಲ್ಲಿ ಸೂರ್ಯ ಕೆಳಗೆ. ವೈಡ್ ಶಾಟ್‌ಗಳೆಲ್ಲ ಒಂದೇ ದಿನ ಮುಗಿಸಿ. ಕೈ-ಕಾಳಿನ ಕ್ಲೋಸಪ್‌ಗಳನ್ನು ಅಂಗಳದಲ್ಲಿ, ಬುಟ್ಟಿಯಲ್ಲಿ ತಂದ ಮರಳನ್ನು ನೆನೆಸಿ ತೆಗೆಯಬಹುದು. ಸಂಜೆ ಕಡಲ ಕಡೆ ಕ್ಯಾಮೆರಾ ತಿರುಗಿಸಿದರೆ ಮಕ್ಕಳ ಮುಖ ಕಪ್ಪು. ಒಂದು ಬಿಳಿ ಥರ್ಮೋಕೋಲ್ ಹಾಳೆ ಹಿಡಿದರೆ ಸಾಕು.

ಅಲೆಯ ಸದ್ದು ಪ್ರತಿ ಶಾಟಿಗೂ ಬೇರೆ, ಎಡಿಟಿಂಗಿನಲ್ಲಿ ಜಿಗಿಯುತ್ತದೆ. ಮಾತಿಲ್ಲದ ಎರಡು ನಿಮಿಷದ ಅಲೆಯನ್ನು ಪ್ರತ್ಯೇಕವಾಗಿ ರೆಕಾರ್ಡ್ ಮಾಡಿ ಕೆಳಗೆ ಹಾಸಿದರೆ ಜೋಡಣೆ ಮುಚ್ಚಿಹೋಗುತ್ತದೆ. ಕಾಲರ್ ಮೈಕಿಗೆ ತುಪ್ಪಟದ ಟೋಪಿ ಇಲ್ಲದಿದ್ದರೆ ಗಾಳಿ ಮಾತ್ರ ಕೇಳುತ್ತದೆ. ಲೆನ್ಸಿನ ಮೇಲೆ ಉಪ್ಪಿನ ಮಂಜು ಕೂರುತ್ತದೆ, ಆಗಾಗ ಒರೆಸುತ್ತಿರಬೇಕು.

ಮಕ್ಕಳು ನಟಿಸುವ ಚಿತ್ರಕ್ಕೆ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ಬಾಲನಟರಿಗೆ ದಿನಕ್ಕೆ 5 ಗಂಟೆ ಮಿತಿ, ವಿಶ್ರಾಂತಿ ಇಲ್ಲದೆ 3 ಗಂಟೆ ದಾಟುವಂತಿಲ್ಲ. ಕಾನೂನು ಬಿಡಿ, ಎರಡು ಗಂಟೆಯ ನಂತರ ಮಕ್ಕಳ ಮುಖವೇ ಹೇಳುತ್ತದೆ. ನೌಕಾನೆಲೆ ಪಕ್ಕದಲ್ಲೇ ಇರುವುದರಿಂದ ಡ್ರೋನ್ ಆಸೆ ಬೇಡ.

ಅಲೆ ಬಂದು ಗುಳಿ ಅಳಿಸುವ ಕೊನೆಯ ಶಾಟ್‌ಗೆ ರೀಟೇಕ್ ಸಿಗದು. ಭರ್ತಿ ಏರುವ ಹೊತ್ತಿಗೆ ನೀರಿನಿಂದ ಬೇರೆಬೇರೆ ದೂರದಲ್ಲಿ ಮೂರು ಜೋಡಿ ಸಾಲು ತೋಡಿಟ್ಟಿದ್ದೆವು. ಮೊದಲೆರಡನ್ನು ಅಲೆ ಒಂದೇ ಏಟಿಗೆ ಒರೆಸಿಬಿಟ್ಟಿತು. ಮೂರನೆಯದರಲ್ಲಿ ನೀರು ಗುಳಿಯಿಂದ ಗುಳಿಗೆ ನಿಧಾನ ತುಂಬಿತು.