ಹಳೇ ಕಾರಲ್ಲಿ ಒಳ್ಳೆ ಹಾಡು ಕೇಳ್ಬೇಕಾ? ಡೋರ್‌ನಿಂದ ಶುರು ಮಾಡಿ

ನಮ್ಮನೇಲಿರೋದು 2009ರ ಒಂದು ಸಣ್ಣ ಹ್ಯಾಚ್‌ಬ್ಯಾಕ್. ಅಪ್ಪ ತಗೊಂಡಿದ್ದು. ಇಂಜಿನ್ ಇನ್ನೂ ಗಟ್ಟಿಮುಟ್ಟಾಗಿದೆ, ಏಸಿ ತಣ್ಣಗಿದೆ, ಮಾರೋ ಮನಸ್ಸು ಯಾರಿಗೂ ಇಲ್ಲ. ಹಾಡು ಹಾಕಿದ್ರೆ ಮಾತ್ರ ಯಾರೋ ತಗಡಿನ ಡಬ್ಬದೊಳಗೆ ಕೂತು ಹಾಡ್ತಿದ್ದ ಹಾಗೆ ಕೇಳ್ಸೋದು. ಅಪ್ಪ ಕರ್ನಾಟಕ ಸಂಗೀತದ ಕಚೇರಿ ಕೇಳೋರು, ಪೆನ್‌ಡ್ರೈವ್ ತುಂಬ ಅದೇ, ಆದ್ರೆ ಮೃದಂಗದ ಬಲಗಡೆ ಪೆಟ್ಟು ಕಿವಿಗೆ ಹೊಡೀತಿತ್ತು, ಎಡಗಡೆ ಗುಂ ಅನ್ನೋ ಗುಮ್ಕಿ ಎಲ್ಲೂ ಇರ್ಲಿಲ್ಲ, ತಂಬೂರಿ ಇದೆಯೋ ಇಲ್ವೋ ಗೊತ್ತೇ ಆಗ್ತಿರ್ಲಿಲ್ಲ. ಎಲ್ಲರ ಹಾಗೆ ನಾನೂ ಮೊದಲು ಅಂಗಡಿಗೆ ಹೋಗಿ 7 ಇಂಚಿನ ಆಂಡ್ರಾಯ್ಡ್ ಸ್ಕ್ರೀನ್ ಹಾಕಿಸ್ಕೊಂಡು ಬಂದೆ. ಮ್ಯಾಪ್ ಬಂತು, ರಿವರ್ಸ್ ಕ್ಯಾಮೆರಾ ಬಂತು, ಸೌಂಡ್ ಮಾತ್ರ ಇದ್ದ ಹಾಗೇ ಇತ್ತು. ಸೌಂಡ್ ಸರಿಯಾಗಿದ್ದು ಆರು ತಿಂಗಳಾದ್ಮೇಲೆ ನಾನೇ ಕೂತು ಡೋರ್ ಬಿಚ್ಚಿದಾಗ. ಅದಕ್ಕೇ ಹೇಳ್ತಿದೀನಿ, ಸ್ಕ್ರೀನ್ ಕೊನೆಗಿರ್ಲಿ, ಮುಂದಿನ ಎರಡು ಡೋರ್ ಮೊದಲು.

ದುಡ್ಡು ಖರ್ಚು ಮಾಡೋಕ್ಕಿಂತ ಮುಂಚೆ ಒಂದು ಅರ್ಧ ಗಂಟೆ ಕಾರಲ್ಲಿ ಸುಮ್ನೆ ಕೂತ್ಕೊಳ್ಳಿ. ಇಂಜಿನ್ ಆಫ್, ಗ್ಲಾಸ್ ಏರಿಸಿ, ನಿಮಗೆ ಬಾಯಿಪಾಠ ಆಗಿರೋ ಒಂದು ಹಾಡು ಹಾಕಿ. ಸ್ಟೀರಿಯೋದಲ್ಲಿ ಎಡ-ಬಲಕ್ಕೆ ಬ್ಯಾಲೆನ್ಸ್, ಮುಂದೆ-ಹಿಂದಕ್ಕೆ ಫೇಡರ್ ಅಂತ ಇರುತ್ತಲ್ಲ, ಅದನ್ನ ಪೂರ್ತಿ ಎಡಕ್ಕೆ-ಮುಂದಕ್ಕೆ, ಆಮೇಲೆ ಬಲಕ್ಕೆ-ಮುಂದಕ್ಕೆ, ಹೀಗೆ ಒಂದೊಂದೇ ಸ್ಪೀಕರ್ ಕೇಳಿ. ಹತ್ತು ಹನ್ನೆರಡು ವರ್ಷದ ಕಾರಲ್ಲಿ ಒಂದಲ್ಲ ಒಂದು ಸತ್ತಿರುತ್ತೆ, ಇಲ್ಲಾ ಗರಗರ ಅಂತಿರುತ್ತೆ. ಕಂಪನಿಯಿಂದ ಬರೋ ಸ್ಪೀಕರ್‌ಗಳಲ್ಲಿ ಬಹಳಷ್ಟು ತೆಳು ಪೇಪರ್ ಕೋನ್, ಹಿಂದೆ ಸಣ್ಣ ಮ್ಯಾಗ್ನೆಟ್. ಡೋರ್ ಒಳಗೆ ಮಳೆ ನೀರಿನ ಪಸೆ, ಬೇಸಿಗೆಯ ಕಾವು ಎರಡೂ ತಿಂದು ಅಂಚು ಒರಟಾಗಿ ಬಿರುಕು ಬಿಟ್ಟಿರುತ್ತೆ.

ಇನ್ನು ವ್ಯಾಟ್ ವಿಷಯ, ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಅಂಗಡೀಲಿ ಜಾಸ್ತಿ ಜನ ಮೋಸ ಹೋಗೋದು ಇಲ್ಲೇ. ಸ್ಟೀರಿಯೋ ಡಬ್ಬದ ಮೇಲೆ 50 ವ್ಯಾಟ್ ಇಂಟು 4 ಅಂತ ಬರೆದಿರುತ್ತೆ. ಇಂಜಿನ್ ಓಡ್ತಿರುವಾಗ ಕಾರಿನ ಕರೆಂಟ್ ಸುಮಾರು 14.4 ವೋಲ್ಟ್, ಸ್ಪೀಕರ್ ಸಾಮಾನ್ಯವಾಗಿ 4 ಓಮ್. 14.4ನ್ನ 14.4ರಿಂದ ಗುಣಿಸಿ 4ರಿಂದ ಭಾಗಿಸಿ, ಸುಮಾರು 52 ಬರುತ್ತೆ, ಡಬ್ಬದ ಮೇಲಿನ 50 ಹುಟ್ಟೋದು ಅಲ್ಲಿಂದ್ಲೇ. ಅದು ಸೌಂಡ್ ಪೂರ್ತಿ ಒಡೆದು ಹೋದಾಗಿನ ಲೆಕ್ಕ. ಒಡೆಯದೆ ಶುದ್ಧವಾಗಿ ಬರೋದು ಲೆಕ್ಕದ ಪ್ರಕಾರವೇ ಅದರ ಅರ್ಧ, ಒಳಗಿನ ನಷ್ಟ ಕಳೆದ್ರೆ ಒಂದು ಚಾನೆಲ್‌ಗೆ 15ರಿಂದ 20 ವ್ಯಾಟ್. ಅದನ್ನೇ ಆರ್‌ಎಂಎಸ್ ಅನ್ನೋದು. ಹಾಗಾಗಿ ಸ್ಪೀಕರ್ ತಗೊಳ್ಳುವಾಗ 300 ವ್ಯಾಟ್, 400 ವ್ಯಾಟ್ ಅನ್ನೋ ದೊಡ್ಡ ಅಕ್ಷರ ನೋಡ್ಬೇಡಿ. ಆರ್‌ಎಂಎಸ್ ಎಷ್ಟು, ಸೆನ್ಸಿಟಿವಿಟಿ (ಒಂದು ವ್ಯಾಟ್ ಕೊಟ್ರೆ ಎಷ್ಟು ಜೋರಾಗಿ ಕೇಳ್ಸುತ್ತೆ ಅನ್ನೋದು) ಎಷ್ಟು ಡೆಸಿಬೆಲ್ ಅಂತ ಕೇಳಿ. 3 ಡೆಸಿಬೆಲ್ ಜಾಸ್ತಿ ಇದ್ರೆ ಅಷ್ಟೇ ಸೌಂಡಿಗೆ ಅರ್ಧದಷ್ಟು ಪವರ್ ಸಾಕು. ಆಂಪ್, ಅಂದ್ರೆ ಸೌಂಡ್ ಹೆಚ್ಚಿಸೋ ಬೇರೆ ಆಂಪ್ಲಿಫೈಯರ್ ಹಾಕದೆ ಬರೀ ಸ್ಟೀರಿಯೋ ಮೇಲೆ ಓಡ್ಸೋರಿಗೆ 91-92 ಡೆಸಿಬೆಲ್‌ನ ಸ್ಪೀಕರ್ರೇ ಒಳ್ಳೇದು.

ಸ್ಪೀಕರಲ್ಲಿ ಎರಡು ಥರ. ಕೋಆಕ್ಸಿಯಲ್ ಅಂದ್ರೆ ವೂಫರ್ (ದಪ್ಪ ದನಿಯ ದೊಡ್ಡ ಸ್ಪೀಕರ್) ನಡುವೆಯೇ ಟ್ವೀಟರ್ (ಚೂಪು ದನಿಯ ಪುಟ್ಟ ಸ್ಪೀಕರ್) ಕೂತಿರೋದು. ಕಾಂಪೊನೆಂಟ್ ಅಂದ್ರೆ ಟ್ವೀಟರ್ ಬೇರೆ, ವೂಫರ್ ಬೇರೆ, ನಡುವೆ ದನಿ ಎರಡಕ್ಕೂ ಹಂಚೋ ಒಂದು ಕ್ರಾಸ್‌ಓವರ್. ಡೋರ್ ಸ್ಪೀಕರ್ ಮೊಣಕಾಲ ಹತ್ರ ಇರುತ್ತಲ್ಲ, ಕೋಆಕ್ಸಿಯಲ್ ಹಾಕಿದ್ರೆ ಹಾಡೋರ ದನಿ ಕಾಲ ಹತ್ರದಿಂದ ಬಂದಂಗಾಗುತ್ತೆ. ಟ್ವೀಟರ್‌ನ ಸೈಡ್ ಮಿರರ್ ಒಳಗಡೆ ಇರೋ ತ್ರಿಕೋನದ ಪ್ಲಾಸ್ಟಿಕ್ ಮೇಲೆ ಕೂರ್ಸಿದ್ರೆ ಅದೇ ದನಿ ಡ್ಯಾಶ್‌ಬೋರ್ಡ್ ಮೇಲೆ ಬಂದು ನಿಲ್ಲುತ್ತೆ. ಅದಕ್ಕೆ ನನ್ನ ಓಟು ಮುಂದೆ ಕಾಂಪೊನೆಂಟ್‌ಗೆ, ಹಿಂದೆ ಹಳೇದೇ ಇರ್ಲಿ ಬಿಡಿ. ಸಣ್ಣ ಕಾರಿಗೆ ಹಿಂದಿನ ಸ್ಪೀಕರ್ ಮೇಲೆ ದುಡ್ಡು ಹಾಕೋದಕ್ಕಿಂತ ಆ ದುಡ್ಡಲ್ಲಿ ಡೋರಿನ ತಗಡು ಅದುರದಂಗೆ ಅಂಟಿಸೋ ಡ್ಯಾಂಪಿಂಗ್ ಶೀಟ್ ತನ್ನಿ. ಬೆಂಗಳೂರಿನೋರಾದ್ರೆ ಜೆಸಿ ರಸ್ತೇಲಿ ಕಾರಿನ ಸಾಮಾನೆಲ್ಲಾ ಸಿಗುತ್ತೆ, ವೈರು, ಕ್ರಿಂಪ್, ಮಲ್ಟಿಮೀಟರ್‌ಗೆ ಎಸ್‌ಪಿ ರಸ್ತೆ. ಹೋಗೋಕ್ಕಿಂತ ಮುಂಚೆ ಅಳತೆ ತಗೊಂಡ್ ಹೋಗಿ, ಬರೀ ಅಗಲ ಅಲ್ಲ, ಆಳಾನೂ. ಡೋರ್ ಗ್ಲಾಸ್ ಪೂರ್ತಿ ಇಳಿಸಿ ಆಮೇಲೆ ಆಳ ಅಳೀಬೇಕು, ಇಲ್ಲಾಂದ್ರೆ ಮ್ಯಾಗ್ನೆಟ್ ಗ್ಲಾಸಿಗೆ ತಗಲುತ್ತೆ.

ಈಗ ಡೋರ್ ಬಿಚ್ಚೋಣ

ಬ್ಯಾಟರಿಯ ಮೈನಸ್ ಟರ್ಮಿನಲ್ ಮೊದಲು ತೆಗೀರಿ, ತುಂಬಾ ಕಾರಲ್ಲಿ 10ರ ಸ್ಪ್ಯಾನರ್ ಸಾಕು. ಒಳಗಿಂದ ಡೋರ್ ತೆಗೆಯೋ ಹಿಡಿಕೆ ಹಿಂದೆ ಒಂದು ಸ್ಕ್ರೂ ಇರುತ್ತೆ, ಡೋರ್ ಎಳ್ಕೊಳ್ಳೋ ಕಡೆ ಒಂದೋ ಎರಡೋ, ಕೆಲವಕ್ಕೆ ಮೇಲೆ ಸಣ್ಣ ಮುಚ್ಚಳ. ಹಳೇ ಕಾರಲ್ಲಿ ತೊಡಕು ಅಂದ್ರೆ ಗ್ಲಾಸ್ ಏರ್ಸೋ ಕೈಹಿಡಿ. ಅದಕ್ಕೆ ಸ್ಕ್ರೂ ಕಾಣಲ್ಲ, ಎಳೆದ್ರೆ ಬರಲ್ಲ. ಒಂದು ಹಳೇ ಬನಿಯನ್ ಬಟ್ಟೆ ಉದ್ದಕ್ಕೆ ಹರ್ಕೊಳ್ಳಿ, ಕೈಹಿಡಿಗೂ ಡೋರ್ ಪ್ಯಾಡಿಗೂ ನಡುವೆ ತೂರ್ಸಿ, ಎರಡೂ ತುದಿ ಹಿಡ್ಕೊಂಡು ಶೂ ಪಾಲಿಶ್ ಹೊಡೆಯೋ ಥರ ಆ ಕಡೆ ಈ ಕಡೆ ಎಳೀರಿ. ಒಳಗೊಂದು ಕುದುರೆ ಲಾಳದ ಆಕಾರದ ತಂತಿ ಕ್ಲಿಪ್ ಇರುತ್ತೆ, ಬಟ್ಟೆ ಅದರ ತುದಿಗೆ ಸಿಕ್ಕಿ ಟಪ್ ಅಂತ ಹಾರುತ್ತೆ. ಎಲ್ಲಿ ಬಿತ್ತು ನೋಡ್ಕೊಳ್ಳಿ, ಕೆಳಗೆ ಒಂದು ಬೆಡ್‌ಶೀಟ್ ಹಾಸ್ಕೊಂಡಿದ್ರೆ ಕಳೆದು ಹೋಗಲ್ಲ. ಆಮೇಲೆ ಪ್ಯಾಡ್‌ನ ಕೆಳಗಿನ ಅಂಚಿಂದ ಕೈ ಹಾಕಿ ಎಳೆದ್ರೆ ಪ್ಲಾಸ್ಟಿಕ್ ಕ್ಲಿಪ್‌ಗಳು ಪಟಪಟ ಬಿಡ್ತವೆ, ನಾಲ್ಕೈದು ಮುರಿಯೋದು ಗ್ಯಾರಂಟಿ, ಮೊದಲೇ ಒಂದು ಹತ್ತು ಹೊಸ ಕ್ಲಿಪ್ ತಂದಿಟ್ಕೊಳ್ಳಿ.

ಪ್ಯಾಡ್ ಹಿಂದೆ ಪ್ಲಾಸ್ಟಿಕ್ ಹಾಳೆ ಅಂಟಿಸಿರ್ತಾರೆ, ಕಪ್ಪು ಅಂಟು, ಕೈಗೆ ಬಟ್ಟೆಗೆ ಎಲ್ಲಾ ಮೆತ್ಕೊಳ್ಳುತ್ತೆ. ಅದನ್ನ ಹರಿದು ಬಿಸಾಕ್ಬೇಡಿ ದಯವಿಟ್ಟು. ಗ್ಲಾಸ್ ಮೇಲಿಂದ ಇಳಿಯೋ ಮಳೆ ನೀರು ಕಾರೊಳಗೆ ಬರದಂಗೆ ತಡೆಯೋದೇ ಅದು, ಅದಿಲ್ದೆ ಒಂದು ಮಳೆಗಾಲ ಕಳೆದ್ರೆ ಪ್ಯಾಡ್ ಉಬ್ಬಿ ಕಾರ್ಪೆಟ್ ವಾಸನೆ ಹೊಡೆಯುತ್ತೆ.

ಹಾಳೆ ಸರಿಸಿದ್ರೆ ಡೋರ್ ಅಸ್ಥಿಪಂಜರ ಕಾಣುತ್ತೆ, ತಗಡು, ಅದರಲ್ಲಿ ಕೈ ತೂರೋವಷ್ಟು ದೊಡ್ಡ ದೊಡ್ಡ ತೂತು. ಕಾರಿನ ಸೌಂಡ್ ಕೆಡೋದು ಇಲ್ಲಿ. ಸ್ಪೀಕರ್ ಮುಂದಕ್ಕೆ ಎಷ್ಟು ಗಾಳಿ ತಳ್ಳುತ್ತೋ ಹಿಂದಕ್ಕೂ ಅಷ್ಟೇ ಎಳೆಯುತ್ತೆ, ಹಿಂದಿನ ಅಲೆ ಆ ತೂತಿಂದ ಹೊರಗೆ ಬಂದು ಮುಂದಿನ ಅಲೇನ ಹೊಡೆದು ಹಾಕುತ್ತೆ, ಅದರಲ್ಲೂ ಬೇಸ್ ಪೂರ್ತಿ ಹೋಗುತ್ತೆ. ನಾವು ಸ್ಪೀಕರ್ ಕೆಟ್ಟದು ಅನ್ಕೊಂಡು ಇನ್ನೂ ದುಬಾರಿದು ತರ್ತೀವಿ, ಅದನ್ನೂ ಅದೇ ತೂತಿನ ಡೋರಿಗೆ ಹಾಕ್ತೀವಿ.

ಹೊರಗಿನ ತಗಡನ್ನ ಬೆರಳ ಗೆಣ್ಣಿಂದ ತಟ್ಟಿ ನೋಡಿ. ಖಾಲಿ ಎಣ್ಣೆ ಡಬ್ಬ ತಟ್ಟಿದ ಹಾಗೆ ಟಣ್ ಅನ್ನುತ್ತೆ. ಈಗ ಒಳಗೆ ಧೂಳೆಲ್ಲಾ ಒರೆಸಿ, ಮೆಡಿಕಲ್ ಶಾಪಿನ ಸ್ಪಿರಿಟ್‌ನಲ್ಲಿ ಒಂದು ಸಲ ಉಜ್ಜಿ, ಒಣಗಿದ್ಮೇಲೆ ಡ್ಯಾಂಪಿಂಗ್ ಶೀಟ್ ಅಂಟ್ಸಿ. ಬ್ಯುಟೈಲ್ ರಬ್ಬರ್‌ದು, ಮೇಲೆ ಅಲ್ಯೂಮಿನಿಯಂ ಹಾಳೆ ಇರೋದು, 2 ಎಂಎಂ ದಪ್ಪ ಸಾಕು. ಡಾಂಬರಿನ ಶೀಟ್ ಅಗ್ಗ ಅಂತ ಕೊಡ್ತಾರೆ, ಬೇಡ, ಬಿಸಿಲಿಗೆ ನಿಲ್ಸಿದ ಕಾರಲ್ಲಿ ಮೆತ್ತಗಾಗಿ ವಾಸನೆ ಬರುತ್ತೆ, ಜಾರಿದ್ರೆ ಇನ್ನೂ ಕಷ್ಟ. ಇಡೀ ತಗಡು ಮುಚ್ಚೋ ಅಗತ್ಯ ಇಲ್ಲ, ಅರ್ಧದಷ್ಟು ಮುಚ್ಚಿದ್ರೂ ಅದುರೋದು ನಿಲ್ಲುತ್ತೆ, ಆದ್ರೆ ರೋಲರಲ್ಲಿ ಒತ್ತಿ ಒತ್ತಿ ಗಾಳಿ ಗುಳ್ಳೆ ಇಲ್ದಂಗೆ ಕೂರ್ಸ್ಬೇಕು. ಈಗ ಮತ್ತೆ ತಟ್ಟಿ. ಟಣ್ ಹೋಗಿ ಮರದ ಬಾಗಿಲು ತಟ್ಟಿದ ಹಾಗೆ ಟಕ್ ಅನ್ನುತ್ತೆ. ನನಗಂತೂ ಇಡೀ ಕೆಲಸದಲ್ಲಿ ತುಂಬಾ ಖುಷಿಯಾದ ಗಳಿಗೆ ಅದೇ, ಇನ್ನೂ ಹೊಸ ಸ್ಪೀಕರ್ ಡಬ್ಬಾನೇ ಒಡೆದಿರ್ಲಿಲ್ಲ, ಡೋರ್ ಹಾಕೋ ಶಬ್ದವೇ ಬದಲಾಗಿತ್ತು. ಆಮೇಲೆ ಒಳಗಿನ ತಗಡಿನ ದೊಡ್ಡ ತೂತುಗಳನ್ನ ಮುಚ್ಚಿ, ಗ್ಲಾಸ್ ಯಂತ್ರಕ್ಕೆ ಲಾಕ್ ಕಡ್ಡಿಗೆ ಏನೂ ತಗಲದಂಗೆ ನೋಡ್ಕೊಂಡು. ಡೋರ್ ತಳದಲ್ಲಿ ನೀರು ಹೋಗೋ ಸಣ್ಣ ಕಿಂಡಿ ಇರ್ತವೆ, ಅವನ್ನ ಮಾತ್ರ ಮುಚ್ಲೇಬೇಡಿ, ಮುಚ್ಚಿದ್ರೆ ಡೋರ್ ಒಳಗಿಂದ ತುಕ್ಕು ಹಿಡಿಯುತ್ತೆ.

ಹೊಸ ಸ್ಪೀಕರ್ ಹಳೇ ಜಾಗಕ್ಕೆ ನೇರವಾಗಿ ಕೂರೋದು ಕಮ್ಮಿ, ನಡುವೆ ಒಂದು ರಿಂಗ್ ಬೇಕು. ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ ಹಲಗೆ) ರಿಂಗ್ ಕೊಟ್ರೆ ಎರಡು ಕೋಟ್ ಪೇಂಟ್ ಹೊಡೀದೆ ಹಾಕ್ಬೇಡಿ, ನೀರು ಕುಡಿದು ಉಬ್ಬುತ್ತೆ, ಪ್ಲಾಸ್ಟಿಕ್‌ದು ಸಿಕ್ರೆ ಇನ್ನೂ ವಾಸಿ. ತಗಡಿಗೂ ರಿಂಗಿಗೂ ನಡುವೆ ಫೋಮ್ ಪಟ್ಟಿ ಹಾಕಿ. ಇನ್ನು ಪ್ಲಸ್ ಮೈನಸ್, ಸ್ಪೀಕರಲ್ಲಿ ಅಗಲವಾದ ಟರ್ಮಿನಲ್ ಸಾಮಾನ್ಯವಾಗಿ ಪ್ಲಸ್. ಡೋರಿಗೆ ಬಂದಿರೋ ವೈರಲ್ಲಿ ಯಾವುದು ಪ್ಲಸ್ ಅಂತ ಡೌಟ್ ಇದ್ರೆ, ಆ ಎರಡು ವೈರನ್ನ ಸ್ಟೀರಿಯೋ ಕಡೆ ಇರೋ ವೈರು ಜೋಡಿಸೋ ಪ್ಲಗ್, ಅಂದ್ರೆ ಕಪ್ಲರ್‌ನಿಂದ ಬಿಡಿಸಿ, ಗಡಿಯಾರದ 1.5 ವೋಲ್ಟ್ ಸೆಲ್ಲನ್ನ ಒಂದು ಕ್ಷಣ ಮಾತ್ರ ಮುಟ್ಸಿ. ಕೋನ್ ಮುಂದಕ್ಕೆ ನೆಗೆದ್ರೆ ಸೆಲ್ಲಿನ ಪ್ಲಸ್ ಮುಟ್ಟಿದ್ದೇ ಪ್ಲಸ್ ವೈರು. ಒಂದು ಡೋರಲ್ಲಿ ಉಲ್ಟಾ ಆದ್ರೆ ಎರಡೂ ಸ್ಪೀಕರ್ ಒಂದಕ್ಕೊಂದು ಜಗಳ ಆಡಿ ಬೇಸ್ ಹೊರಟೋಗುತ್ತೆ.

ಸ್ಟೀರಿಯೋ ವೈರು

ಅಂಗಡೀಲಿ ನನ್ನ ಕಾರಿನ ಕಂಪನಿ ಕಪ್ಲರನ್ನೇ ಕತ್ತರಿಸಿ ವೈರ್ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ್ರು, ಬೇಸಿಗೇಲಿ ಆ ಟೇಪಿನ ಅಂಟೆಲ್ಲಾ ಕರಗಿ ಬಿಚ್ಕೊಂಡಿತ್ತು, ಅದು ನೋಡಿ ನನಗೆ ನಿಜಕ್ಕೂ ಭಯ ಆಯ್ತು, ಬೇಜಾರೂ ಆಯ್ತು. ನಿಮ್ಮ ಕಾರಿನ ಮಾಡೆಲ್‌ಗೆ ಹೊಂದೋ ಕಪ್ಲರ್ ಬೇರೆ ಸಿಗುತ್ತೆ, ಅದನ್ನ ಕೇಳಿ ತಗೊಳ್ಳಿ, ಒಂದು ವೈರೂ ಕತ್ತರಿಸ್ಬೇಕಿಲ್ಲ. ಹೊರಗಡೆ ಸಿಗೋ ಸ್ಟೀರಿಯೋಗಳಲ್ಲಿ ಬಣ್ಣ ಹೆಚ್ಚುಕಮ್ಮಿ ಒಂದೇ ಥರ, ಹಳದಿ ಅಂದ್ರೆ ಯಾವಾಗ್ಲೂ ಕರೆಂಟ್ ಇರೋದು, ಕೆಂಪು ಕೀ ತಿರುಗಿಸಿದಾಗ ಮಾತ್ರ, ಕಪ್ಪು ಅರ್ಥ್. ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ, ಅದೇ ಬಣ್ಣದಲ್ಲಿ ಕಪ್ಪು ಗೆರೆ ಇದ್ರೆ ಅದು ಮೈನಸ್. ಆಫ್ ಮಾಡಿದಾಗೆಲ್ಲಾ ಟೈಮು, ಸ್ಟೇಷನ್ನು ಮರೆತು ಹೋಗ್ತಿದ್ರೆ ಹಳದಿ ಕೆಂಪು ಅದಲು ಬದಲಾಗಿರಬಹುದು. ಎರಡನ್ನೂ ಒಟ್ಟಿಗೆ ಹಳದಿಗೇ ಸೇರಿಸಿದ್ರೆ ಸ್ಟೀರಿಯೋ ಪೂರ್ತಿ ಮಲಗೋದೇ ಇಲ್ಲ, ನಾಲ್ಕು ದಿನ ನಿಲ್ಸಿದ ಕಾರು ಸ್ಟಾರ್ಟ್ ಆಗದೇ ಇರಬಹುದು. ಹೊಸ ಸ್ಟೀರಿಯೋ ಹಾಕಿದ್ಮೇಲೆ ಎಫ್‌ಎಂ 101.3 ಕೂಡ ಗೊರ್ರ್ ಅಂತಿದ್ರೆ ಆಂಟೆನಾ ಕೆಟ್ಟಿದೆ ಅನ್ಕೋಬೇಡಿ, ಕೆಲವು ಕಾರಲ್ಲಿ ಆಂಟೆನಾ ಬುಡದಲ್ಲೇ ಒಂದು ಸಣ್ಣ ಬೂಸ್ಟರ್ ಇರುತ್ತೆ, ಅದಕ್ಕೆ ನೀಲಿ ವೈರಿನ ಕರೆಂಟ್ ಬೇಕು, ಅದನ್ನ ಸೇರ್ಸಿರಲ್ಲ ಅಷ್ಟೆ. ಮತ್ತೆ ಸ್ಪೀಕರ್ ಮೈನಸ್‌ನ ಬಾಡಿಗೆ ಅರ್ಥ್ ಮಾಡ್ಬೇಡಿ, ಈಗಿನ ಸ್ಟೀರಿಯೋ ಒಳಗಿನ ಐಸಿ ಸುಟ್ಟು ಹೋಗುತ್ತೆ.

ಆಂಪ್, ಬರೀ ಬೇಸ್ ನುಡಿಸೋ ಸಬ್‌ವೂಫರ್ ಎಲ್ಲರಿಗೂ ಬೇಕಿಲ್ಲ. ಬೇಕು ಅನ್ನಿಸಿದ್ರೆ ಸೀಟ್ ಕೆಳಗೆ ಕೂರೋ ಆಂಪ್ ಸಮೇತ ಬರೋ 8 ಇಂಚಿನ ಸಬ್ ಸಣ್ಣ ಕಾರಿಗೆ ಸಾಕು, ಡಿಕ್ಕಿ ಜಾಗವೂ ಉಳಿಯುತ್ತೆ. ಅದರ ಕರೆಂಟ್ ಮಾತ್ರ ಸ್ಟೀರಿಯೋ ವೈರಿಂದ ಎಳೀಬೇಡಿ, ನೇರ ಬ್ಯಾಟರಿಯಿಂದ ದಪ್ಪ ತಾಮ್ರದ ವೈರ್ ಬರ್ಬೇಕು. ಫ್ಯೂಸ್ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೇ ಇರ್ಬೇಕು, ಆಂಪ್ ಹತ್ರ ಇದ್ರೆ ಪ್ರಯೋಜನ ಇಲ್ಲ, ಯಾಕಂದ್ರೆ ಇಂಜಿನ್ ರೂಮಿಂದ ಒಳಗೆ ಬರುವಾಗ ತಗಡಿನ ಅಂಚಿಗೆ ವೈರ್ ಉಜ್ಜಿ ಶಾರ್ಟ್ ಆದ್ರೆ ಬೆಂಕಿ ಹತ್ತೋದು ಫ್ಯೂಸಿಗಿಂತ ಮುಂಚಿನ ಭಾಗದಲ್ಲೇ. ಆ ತೂತಿಗೆ ಅಂಚು ಮುಚ್ಚೋ ರಬ್ಬರ್ ಬಳೆ, ಅಂದ್ರೆ ಗ್ರಾಮೆಟ್ ಕಡ್ಡಾಯ. ಕರೆಂಟ್ ವೈರ್ ಎಡಗಡೆ ಬಂದ್ರೆ ಸ್ಟೀರಿಯೋದಿಂದ ಆಂಪ್‌ಗೆ ಸೌಂಡ್ ಸಿಗ್ನಲ್ ತರೋ ಆರ್‌ಸಿಎ ಕೇಬಲ್ ಬಲಗಡೆ ಎಳೀರಿ, ಇಲ್ಲಾಂದ್ರೆ ಆಕ್ಸಿಲರೇಟರ್ ಒತ್ತಿದಾಗೆಲ್ಲಾ ಕುಂಯ್ ಅನ್ನೋ ಸದ್ದು ಬರಬಹುದು. ಅರ್ಥ್ ಮಾಡೋ ಜಾಗದಲ್ಲಿ ಪೇಂಟ್ ಕೆರೆದು ತಗಡು ಹೊಳೆಯೋ ಹಾಗೆ ಮಾಡಿ ಬೋಲ್ಟ್ ಹಾಕಿ. ಆಂಪ್ ಮೇಲಿರೋ ಗೇನ್ ಅನ್ನೋದು ವಾಲ್ಯೂಮ್ ಅಲ್ಲ, ಸ್ಟೀರಿಯೋ ವಾಲ್ಯೂಮ್ ಮುಕ್ಕಾಲಿಗಿಟ್ಟು ಗೇನ್ ನಿಧಾನಕ್ಕೆ ಏರಿಸ್ತಾ ಹೋಗಿ ಸೌಂಡ್ ಒಡೆಯೋಕ್ಕಿಂತ ಸ್ವಲ್ಪ ಮುಂಚೆ ನಿಲ್ಸಿ.

ಎಲ್ಲಾ ಹಾಕಿದ್ಮೇಲೆ ಈಕ್ವಲೈಸರ್ ಪೂರ್ತಿ ಸೊನ್ನೆಗೆ ತನ್ನಿ, ಲೌಡ್‌ನೆಸ್ ಆಫ್ ಮಾಡಿ. ಸಬ್ ಹಾಕಿದ್ರೆ ಡೋರ್ ಸ್ಪೀಕರಿಗೆ ಹೈಪಾಸ್ 80 ಹರ್ಟ್ಸ್‌ಗಿಡಿ, ಅದರ ಕೆಳಗಿನದನ್ನ ಸಬ್ ನೋಡ್ಕೊಳ್ಳುತ್ತೆ, ಡೋರ್ ಸ್ಪೀಕರ್ ಹಗುರಾಗಿ ಹಾಡುತ್ತೆ. ಫೇಡರ್ ಸ್ವಲ್ಪ ಮುಂದಕ್ಕೆ. ವಾಟ್ಸಾಪಲ್ಲಿ ಬಂದ ಹಾಡು ಹಾಕಿ ಟೆಸ್ಟ್ ಮಾಡ್ಬೇಡಿ, 320 ಕೆಬಿಪಿಎಸ್‌ದು ಒಂದಾದ್ರೂ ಇಟ್ಕೊಳ್ಳಿ. ಹಾಕಿಸಿದ ಸಾಮಾನಿನ ಬಿಲ್ ಜೋಪಾನ ಮಾಡಿ ಇನ್ಶೂರೆನ್ಸ್ ರಿನ್ಯೂ ಮಾಡುವಾಗ ಎಲೆಕ್ಟ್ರಿಕಲ್ ಆಕ್ಸೆಸರಿ ಅಂತ ಸೇರ್ಸಿ, ಸೇರಿಸದೆ ಇದ್ರೆ ಕಳುವಾದಾಗ ಕ್ಲೇಮ್ ಸಿಗೋದು ಕಷ್ಟ.

ಬೇಸ್ ಬಂದ ಮೇಲೆ ಕಾರಿನ ಬೇರೆ ಬೇರೆ ಸದ್ದೆಲ್ಲಾ ಎದ್ದು ಕೂರ್ತವೆ, ಅದಕ್ಕೆ ಹೆದರ್ಬೇಡಿ. ನಂಬರ್ ಪ್ಲೇಟ್ ಹಿಂದೆ ಫೋಮ್ ಪಟ್ಟಿ ಹಾಕಿದ್ರೆ ಅರ್ಧ ಹೋಗುತ್ತೆ, ಗ್ಲವ್‌ಬಾಕ್ಸಲ್ಲಿರೋ ಚಿಲ್ಲರೆ ಕಾಸು ತೆಗೆದ್ರೆ ಇನ್ನಷ್ಟು. ನಮ್ಮ ಕಾರಲ್ಲಿ ಒಂದು ಗಿರಗಿರ ಮಾತ್ರ ಎರಡು ದಿನ ಸಿಗ್ಲಿಲ್ಲ. ಭಾನುವಾರ ಬೆಳಿಗ್ಗೆ ನಾನು ಅದೇ ಕಚೇರಿ ಹಾಕ್ದೆ, ಅಪ್ಪ ಹಿಂದಿನ ಸೀಟಲ್ಲಿ ಕೂತು ಒಂದೊಂದೇ ಕಡೆ ಕೈ ಒತ್ತಿ ನೋಡ್ತಾ ಬಂದ್ರು, ಪಾರ್ಸೆಲ್ ಟ್ರೇ ಎಡಮೂಲೆ ಒತ್ತಿದಾಗ ಸದ್ದು ನಿಂತೋಯ್ತು. ಅಲ್ಲೊಂದು ರಬ್ಬರ್ ಬುಶ್ ಬಿದ್ದು ಹೋಗಿತ್ತು, ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಇಟ್ವಿ. "ಈಗ ಮೊದಲಿಂದ ಹಾಕು, ಮೃದಂಗದ ತನಿ ಬರೋವರೆಗೂ ಮುಂದಕ್ಕೆ ಓಡಿಸ್ಬೇಡ" ಅಂದ್ರು ಅಪ್ಪ.