ಕಡಲ ತಳಕ್ಕೆ ಬಿದ್ದ ಕಾರ್ಡುಗಳು

ನನ್ನದೇ ಒಂದು ಟ್ರೇಡಿಂಗ್ ಕಾರ್ಡ್ ಗೇಮ್ (ಕಾರ್ಡುಗಳನ್ನು ಸಂಗ್ರಹಿಸಿ, ತಮ್ಮದೇ ಕಟ್ಟು, ಅಂದರೆ ಡೆಕ್, ಮಾಡಿಕೊಂಡು ಆಡುವ ಆಟ) ಮಾಡಬೇಕೆಂದು ಕೂತಾಗ ಮೊದಲು ಬರೆದದ್ದು ಸಮುದ್ರಜೀವಿಗಳ ಪಟ್ಟಿ, ಅವುಗಳ ಶಕ್ತಿ, ಆಟದಲ್ಲಿ ಅವನ್ನು ಇಳಿಸಲು ತೆರಬೇಕಾದ ಬೆಲೆ. ತೊಂಬತ್ತು ಕಾರ್ಡುಗಳಾದವು. ಆಡಿ ನೋಡಿದರೆ, ನನಗೆ ಗೊತ್ತಿದ್ದ ಆಟಕ್ಕೇ ಮೀನಿನ ಚಿತ್ರ ಅಂಟಿಸಿದ ಹಾಗಿತ್ತು. ಎಲ್ಲವನ್ನೂ ಬದಿಗಿಟ್ಟೆ.

ಎರಡನೇ ಸಲ ಹೊರಟದ್ದು ಬಹುಕಾಲದಿಂದ ಕಾಡುತ್ತಿದ್ದ ಒಂದು ಕೊರಗಿನಿಂದ. 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಮ್ಯಾಜಿಕ್: ದಿ ಗ್ಯಾದರಿಂಗ್ ಈ ಬಗೆಯ ಆಟಗಳಿಗೆಲ್ಲ ತಾಯಿಬೇರು. ಅದರಲ್ಲಿ ಬೇರೆ ಕಾರ್ಡುಗಳ ಬೆಲೆ ತೆರಲು ಬೇಕಾದ ‘ಮಾನಾ’ ಕೊಡುವ ‘ಲ್ಯಾಂಡ್’ ಕಾರ್ಡು ಸಿಗದಿದ್ದರೆ ಆಟ ಮುಂದೆ ಸಾಗುವುದೇ ಕಷ್ಟ. 60 ಕಾರ್ಡಿನ ಡೆಕ್‌ನಲ್ಲಿ 24 ಲ್ಯಾಂಡ್ ಇಟ್ಟುಕೊಂಡರೂ, ಮೊದಲ 7 ಕಾರ್ಡುಗಳಲ್ಲಿ ಒಂದೇ ಲ್ಯಾಂಡ್ ಬರುವ ಅಥವಾ ಒಂದೂ ಬಾರದಿರುವ ಸಾಧ್ಯತೆ ಶೇ. 14ರಷ್ಟಿದೆ. ಅಂದರೆ ಸುಮಾರು ಏಳು ಸಲಕ್ಕೊಮ್ಮೆ. ಡ್ಯುಯೆಲ್ ಮಾಸ್ಟರ್ಸ್ ಆಟದಲ್ಲಿ ಯಾವ ಕಾರ್ಡನ್ನಾದರೂ ತಲೆಕೆಳಗಾಗಿ ಇಟ್ಟು ಮಾನಾ ಮಾಡಿಕೊಳ್ಳಬಹುದು. ನಾನು ಕಂಡ ಅತಿ ಜಾಣ ಪರಿಹಾರ ಅದು. ನನ್ನನ್ನು ಕೊರೆಯುತ್ತಿದ್ದದ್ದು ಅದರ ಪಕ್ಕದ ಪ್ರಶ್ನೆ: ಸತ್ತ ಕಾರ್ಡು ಯಾಕೆ ಸುಮ್ಮನೆ ಮೂಲೆ ಸೇರಬೇಕು?

ಉತ್ತರ ಆಳಸಮುದ್ರದಲ್ಲಿ ಸಿಕ್ಕಿತು. ಸಾವಿರ ಮೀಟರ್ ಕೆಳಗೆ ಸೂರ್ಯನ ಬೆಳಕು ತಲುಪುವುದಿಲ್ಲ. ಅಲ್ಲಿನ ಬಹುಪಾಲು ಜೀವಿಗಳು ಬದುಕುವುದು ಮೇಲಿನಿಂದ ಉದುರುವ ಸತ್ತ ಕಣಗಳನ್ನು ನಂಬಿಕೊಂಡು. ವಿಜ್ಞಾನಿಗಳು ಅದನ್ನು ಮರೈನ್ ಸ್ನೋ, ಕಡಲ ಹಿಮ, ಎನ್ನುತ್ತಾರೆ. ಇದನ್ನು ಓದಿದ ರಾತ್ರಿಯೇ ಸತ್ತ ಕಾರ್ಡುಗಳು ಸೇರುವ ರಾಶಿ, ಡಿಸ್ಕಾರ್ಡ್ ಪೈಲ್‌ನ ಹೆಸರು ‘ತಳ’ ಎಂದಾಯಿತು. ಕಾರ್ಡಿನ ಬೆಲೆ ತೆರಬೇಕಾದರೆ ತಳದಿಂದ ಅಷ್ಟು ಕಾರ್ಡು ಎತ್ತಿ, ಅವು ಯಾರವೋ ಅವರ ಡೆಕ್‌ನ ಅಡಿಗೆ ಸೇರಿಸಬೇಕು. ಲ್ಯಾಂಡ್ ಬೇಡವೇ ಬೇಡ.

ಮೊದಲು ಒಬ್ಬೊಬ್ಬರಿಗೂ ಬೇರೆ ಬೇರೆ ತಳ ಕೊಟ್ಟಿದ್ದೆ. ತಪ್ಪಾಯಿತು. ಗೆಳೆಯನೊಬ್ಬ ಮೂರನೇ ಸುತ್ತಿಗೇ ತನ್ನ ಮೀನುಗಳನ್ನೆಲ್ಲ ತಾನೇ ಸಾಯಿಸಿ, ಆ ರಾಶಿಯ ಮೇಲೆ ದೈತ್ಯರನ್ನು ಇಳಿಸಿಬಿಟ್ಟ. ಎದುರಿನವಳು ನೋಡುತ್ತ ಕೂರಬೇಕಾಯಿತು. ತಳವನ್ನು ಮೇಜಿನ ನಡುವೆ ಇಟ್ಟು ಇಬ್ಬರಿಗೂ ಒಂದೇ ಮಾಡಿದೆ. ಬದಲಿಸಿದ್ದು ಒಂದೇ ಸಾಲು, ಆದರೆ ಆಟ ಹುಟ್ಟಿದ್ದು ಅಲ್ಲಿಂದಲೇ ಎಂದು ನನ್ನ ನಂಬಿಕೆ. ಈಗ ಎದುರಾಳಿಯ ಜೀವಿಯನ್ನು ಕೊಂದರೆ ಅವನಿಗೇ ಊಟ ಬಡಿಸಿದಂತಾಗಬಹುದು.

ನನಗೆ ತೀರಾ ಪ್ರೀತಿಯ ಕಾರ್ಡು ತಿಮಿಂಗಿಲ. ನಿಜವಾದ ತಿಮಿಂಗಿಲ ಸತ್ತು ತಳ ಸೇರಿದರೆ ಮೊದಲು ಹ್ಯಾಗ್‌ಫಿಶ್, ಶಾರ್ಕುಗಳು ಮಾಂಸ ತಿನ್ನುತ್ತವೆ. ಆಮೇಲೆ ಹುಳುಗಳು ಬರುತ್ತವೆ. ಕೊನೆಗೆ ಮೂಳೆಯೊಳಗಿನ ಕೊಬ್ಬಿನ ಮೇಲೆ ಬ್ಯಾಕ್ಟೀರಿಯಾಗಳು ದಶಕಗಳ ಕಾಲ ಬದುಕಬಲ್ಲವು. ಹಾಗಾಗಿ ಕಾರ್ಡಿನ ಮೇಲೆ ಹೀಗೆ ಬರೆದೆ: ‘ಸತ್ತ ಮೇಲೆ ಮೂರು ಸುತ್ತು ಊಟ. ಮೊದಲ ಸುತ್ತು ಬೇಟೆಗಾರರಿಗೆ, ಎರಡನೆಯದು ಹುಳುಗಳಿಗೆ, ಮೂರನೆಯದು ಸೂಕ್ಷ್ಮಜೀವಿಗಳಿಗೆ.’ ಇದಕ್ಕೆ ಜೊತೆಯಾಗಿ ಬಂದದ್ದು 2002ರಲ್ಲಿ ಪತ್ತೆಯಾದ ಓಸೆಡ್ಯಾಕ್ಸ್ ಎಂಬ ಮೂಳೆಹುಳು. ಅದಕ್ಕೆ ಬಾಯಿಯೂ ಇಲ್ಲ, ಹೊಟ್ಟೆಯೂ ಇಲ್ಲ, ಬೇರಿನಂಥ ಅಂಗವನ್ನು ಮೂಳೆಗೆ ಇಳಿಸಿ ಉಣ್ಣುತ್ತದೆ. ನನ್ನ ಕಾರ್ಡಿನಲ್ಲಿ ಅದರ ಬೆಲೆ ಒಂದು, ಶಕ್ತಿ ಸೊನ್ನೆ. ತಿಮಿಂಗಿಲ ಸಾಯುವವರೆಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಚಿತ್ರದ ವಿಷಯದಲ್ಲಿ ಹೇಳುವುದು ಕಡಿಮೆ. ಆಡಲು ಬಂದ ಒಬ್ಬರಿಗೆ ನನ್ನ ಎರಡು ನೀಲಿಗಳ ವ್ಯತ್ಯಾಸವೇ ಕಾಣಲಿಲ್ಲ, ಹಾಗಾಗಿ ಬಣ್ಣದ ಜೊತೆಗೆ ಆಕಾರದ ಗುರುತುಗಳೂ ಬಂದವು. ಕಾರ್ಡುಗಳನ್ನು ಬೀಸಣಿಗೆಯಂತೆ ಹಿಡಿದರೆ ಕಾಣುವುದು ಎಡ ಅಂಚು ಮಾತ್ರ, ಆದ್ದರಿಂದ ಬೆಲೆಯನ್ನು ಎಡ ಮೂಲೆಗೆ ತಂದೆ. 63×88 ಮಿಲಿಮೀಟರ್ ಚೀಟಿಗೆ ಪೆನ್ಸಿಲ್‌ನಲ್ಲಿ ಬರೆದು, ಹಳೆಯ ಇಸ್ಪೀಟ್ ಎಲೆಯ ಜೊತೆ ಕಾರ್ಡು ಹಾಕುವ ಪ್ಲಾಸ್ಟಿಕ್ ಸ್ಲೀವ್‌ಗೆ ತೂರಿಸಿಯೇ ಇಷ್ಟೂ ಆಡಿದ್ದು.

ಕಳೆದ ಸಲ ಆಡುವಾಗ ಮೇಜಿನ ಮೇಲೆ ತಿಮಿಂಗಿಲಕ್ಕೆ ಒಂದೇ ಒಂದು ಜೀವ ಉಳಿದಿತ್ತು. ಇಬ್ಬರೂ ಅದನ್ನು ಕೊಲ್ಲಬಹುದಿತ್ತು. ನಾಲ್ಕು ಸುತ್ತು ಯಾರೂ ಮುಟ್ಟಲಿಲ್ಲ. ಇಬ್ಬರ ಕೈಯಲ್ಲೂ ಮೂಳೆಹುಳು ಇತ್ತು.